‘ಸೂಪರ್’ ಅಂದರೆ ಸಾಕೇ? ನಿಮ್ಮ ಫೋಟೊಗಳ ಬಗ್ಗೆ ನಿಜವಾದ ಅಭಿಪ್ರಾಯ ಪಡೆಯುವುದು ಹೀಗೆ

ಬೆಳಿಗ್ಗೆ ಆರಕ್ಕೆ ಚಿತ್ರದುರ್ಗದ ಹತ್ತಿರದ ಜೋಗಿಮಟ್ಟಿ ಬೆಟ್ಟ ಹತ್ತಿ ಮಂಜಿನ ಫೋಟೊ ತೆಗೆದಿರಿ. ಗಾಳಿಯಂತ್ರಗಳ ರೆಕ್ಕೆ ಮಾತ್ರ ಮಂಜಿನ ಮೇಲೆ ಕಾಣುತ್ತಿದೆ. ಮನೆಗೆ ಬಂದು ಗ್ರೂಪಿಗೆ ಹಾಕಿದಿರಿ. ಹತ್ತು ನಿಮಿಷದಲ್ಲಿ ಹದಿನಾಲ್ಕು ಹೆಬ್ಬೆರಳು, ನಾಲ್ಕು ‘ಸೂಪರ್’, ಒಂದು ‘ಯಾವ ಕ್ಯಾಮೆರಾ?’. ಖುಷಿ ಆಗುತ್ತದೆ, ಆಗಲಿ. ಆದರೆ ಮುಂದಿನ ಭಾನುವಾರ ಮತ್ತೆ ಕ್ಯಾಮೆರಾ ಎತ್ತಿದಾಗ ಆ ‘ಸೂಪರ್’ ಯಾವ ಕೆಲಸಕ್ಕೂ ಬರುವುದಿಲ್ಲ. ಎಲ್ಲಿ ನಿಲ್ಲಬೇಕು, ಏನನ್ನು ಬಿಡಬೇಕು ಅಂತ ಅದು ಹೇಳುವುದಿಲ್ಲ.

ನಾನು ದಾವಣಗೆರೆಯವನು. ವಾರವೆಲ್ಲ ಆಫೀಸು, ರಜೆ ದಿನ ಫೋಟೊ. ಆನ್‌ಲೈನಿನಲ್ಲಿ ನನ್ನದೊಂದು ಪೋರ್ಟ್‌ಫೋಲಿಯೊ, ಅಂದರೆ ಆರಿಸಿದ ಫೋಟೊಗಳ ಪುಟ ಇದೆ. ಫೋಟೊ ತೆಗೆಯುವುದನ್ನು ಕಲಿತದ್ದಕ್ಕಿಂತ, ಅದರ ಬಗ್ಗೆ ಬೇರೆಯವರ ಮಾತು ಕೇಳುವುದನ್ನು ಕಲಿಯಲು ನನಗೆ ಜಾಸ್ತಿ ಸಮಯ ಹಿಡಿಯಿತು. ಅದು ನಿಮಗೆ ಬೇಗ ಸಿಗಲಿ ಅಂತ ಇಲ್ಲಿ ಒಂದೊಂದಾಗಿ ಹೇಳುತ್ತೇನೆ.

ಮೊದಲು ಕಡಿಮೆ ಮಾಡಿ

ಇನ್ನೂರು ಫೋಟೊ ಇರುವ ಲಿಂಕ್ ಕಳಿಸಿ ‘ನೋಡಿ ಹೇಳಿ’ ಅಂದರೆ ಯಾರೂ ಹೇಳುವುದಿಲ್ಲ. ಹತ್ತು ನೋಡುತ್ತಾರೆ, ಬೆರಳಲ್ಲಿ ಸರ್ರನೆ ತಳ್ಳುತ್ತಾರೆ, ‘ಚೆನ್ನಾಗಿವೆ’ ಅನ್ನುತ್ತಾರೆ. ಅದು ಅವರ ತಪ್ಪಲ್ಲ. ಇಪ್ಪತ್ತು ಫೋಟೊ ಸಾಕು. ಹೊಸಬರಾದರೆ ಹನ್ನೆರಡೇ ಸಾಕು.

ಆರಿಸುವುದು ನೋವಿನ ಕೆಲಸ. ನಾನು ಮಾಡುವುದು ಇಷ್ಟು: ನಲವತ್ತು ಫೋಟೊಗಳನ್ನು ಸ್ಟುಡಿಯೊದಲ್ಲಿ 4×6 ಅಳತೆಗೆ, ಅಂದರೆ ಮ್ಯಾಕ್ಸಿ ಸೈಜಿಗೆ ಪ್ರಿಂಟ್ ಹಾಕಿಸುತ್ತೇನೆ. ನಡುಮನೆಯ ನೆಲದ ಮೇಲೆ ಹರಡಿ, ನಿಂತು ನೋಡುತ್ತೇನೆ. ಸ್ಕ್ರೀನಿನಲ್ಲಿ ಒಂದಾದ ಮೇಲೆ ಒಂದು ನೋಡುವಾಗ ಗೊತ್ತಾಗದ್ದು ನೆಲದ ಮೇಲೆ ಕಣ್ಣಿಗೆ ಹೊಡೆಯುತ್ತದೆ. ಮೊದಲ ಸಲ ಹರಡಿದಾಗ ನಲವತ್ತರಲ್ಲಿ ಒಂಬತ್ತು ಫೋಟೊ ಚಿತ್ರದುರ್ಗ ಕೋಟೆಯ ಉಯ್ಯಾಲೆ ಕಂಬದ್ದೇ ಇದ್ದವು! ಬೇರೆ ಬೇರೆ ದಿನ, ಬೇರೆ ಬೇರೆ ಆಕಾಶ, ಆದರೆ ನಾನು ನಿಂತ ಜಾಗ ಒಂದೇ. ಒಂದು ಇಟ್ಟುಕೊಂಡು ಎಂಟು ತೆಗೆದೆ.

ಪ್ರಿಂಟುಗಳನ್ನು ಎರಡು ದಿನ ಹಾಗೇ ಬಿಡಿ. ಮನೆಯವರು ದಾಟಿ ಹೋಗುವಾಗ ಯಾವುದರ ಹತ್ತಿರ ನಿಲ್ಲುತ್ತಾರೆ, ಯಾವುದನ್ನು ಬಗ್ಗಿ ನೋಡುತ್ತಾರೆ ಅಂತ ಸುಮ್ನೆ ಗಮನಿಸಿ. ಯಾರೂ ಬಾಯಿ ಬಿಡದೆಯೇ ನಿಮಗೆ ಸಿಗುವ ಮೊದಲ ಅಭಿಪ್ರಾಯ ಅದು.

ಕಷ್ಟಪಟ್ಟು ತೆಗೆದೆ ಅನ್ನುವುದು ಫೋಟೊ ಉಳಿಸಿಕೊಳ್ಳಲು ಕಾರಣ ಅಲ್ಲ. ಜಗಳೂರಿನ ಹತ್ತಿರ ರಂಗಯ್ಯನದುರ್ಗದ ಕಾಡಿನಲ್ಲಿ ನಾಲ್ಕು ದಿನ ಕಾದು ಸಿಕ್ಕ ಕೊಂಡುಕುರಿ (ನಾಲ್ಕು ಕೊಂಬಿನ ಹುಲ್ಲೆ) ಮಸುಕಾಗಿದ್ದರೆ, ನೋಡುವವರಿಗೆ ಕಾಣುವುದು ಮಸುಕಾದ ಕೊಂಡುಕುರಿ ಮಾತ್ರ. ನಿಮ್ಮ ನಾಲ್ಕು ದಿನ ಅವರಿಗೆ ಕಾಣುವುದಿಲ್ಲ.

ಲಿಂಕ್ ಕಳಿಸುವ ಮುಂಚೆ

ಇದು ಬೇಗ ಮುಗಿಯುವ ಕೆಲಸ, ಆದರೆ ಬಿಡುವಂತಿಲ್ಲ. ಫೋಟೊ ಸೇವ್ ಮಾಡುವಾಗ ಕಲರ್ ಸ್ಪೇಸ್ (ಬಣ್ಣಗಳ ವ್ಯಾಪ್ತಿ ಹೇಳುವ ಸೆಟ್ಟಿಂಗ್) ಎಸ್‌ಆರ್‌ಜಿಬಿ ಇರಲಿ. ಅಡೋಬ್ ಆರ್‌ಜಿಬಿಯಲ್ಲಿ ಬಿಟ್ಟರೆ ಕೆಲವು ಫೋನುಗಳಲ್ಲಿ ಬಣ್ಣ ಸತ್ತಂತೆ ಕಾಣುತ್ತದೆ. ಉದ್ದದ ಬದಿ 2048 ಪಿಕ್ಸೆಲ್ ಇದ್ದರೆ ಸಾಮಾನ್ಯ ಸ್ಕ್ರೀನಿಗೆ ಧಾರಾಳ ಸಾಕು. ವಾಟ್ಸ್‌ಆ್ಯಪ್‌ನಲ್ಲೇ ಕಳಿಸಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೊ ಆಗಿ ಕಳಿಸಿದರೆ ಅದು ಹಿಂಡಿ ಚಿಕ್ಕದು ಮಾಡುತ್ತದೆ. ಆಮೇಲೆ ‘ಶಾರ್ಪ್ ಇಲ್ಲ’ ಅನ್ನುವ ಮಾತು ಕೇಳಬೇಕಾಗುತ್ತದೆ. ಲಿಂಕನ್ನು ಬೇರೆಯವರ ಫೋನಿನಲ್ಲಿ ಒಮ್ಮೆ ತೆರೆದು ನೋಡಿ. ಲಾಗಿನ್ ಕೇಳಿದರೆ ಹತ್ತರಲ್ಲಿ ಎಂಟು ಜನ ಅಲ್ಲಿಂದಲೇ ವಾಪಸು ಹೋಗುತ್ತಾರೆ.

ಪ್ರಾಣಿ, ಪಕ್ಷಿಗೂಡಿನ ಫೋಟೊ ಇದ್ದರೆ ಫೈಲಿನೊಳಗಿನ ಲೊಕೇಶನ್ ಮಾಹಿತಿ ಅಳಿಸಿಬಿಡಿ. ಆ ಜಾಗ ಎಲ್ಲರಿಗೂ ಗೊತ್ತಾಗಬಾರದು. ಹಾಗೆಯೇ ಮುಖ ಕಾಣುವ ಫೋಟೊ ಹಾಕುವ ಮುಂಚೆ ಅವರನ್ನು ಒಂದು ಮಾತು ಕೇಳಿ. ಮಕ್ಕಳಾದರೆ ಮನೆಯ ದೊಡ್ಡವರನ್ನು ಕೇಳಿ.

ಫೋಟೊ ಕೆಳಗೆ ಒಂದು ಸಾಲು ಬರೆಯುವುದನ್ನು ಮರೆಯಬೇಡಿ. ಹಿರಿಯೂರಿನ ವಾಣಿವಿಲಾಸ ಸಾಗರ, ಅಂದರೆ ಮಾರಿಕಣಿವೆ ಅಣೆಕಟ್ಟು ತುಂಬಿ ಕೋಡಿ ಬಿದ್ದ ಫೋಟೊ ನನ್ನ ಪುಟದಲ್ಲಿತ್ತು. ಬೆಂಗಳೂರಿನ ಪರಿಚಯದವರೊಬ್ಬರು ಅದನ್ನು ನೋಡಿ ಮುಂದೆ ಹೋದರು. ಅವರಿಗೆ ಅದು ಇನ್ನೊಂದು ಅಣೆಕಟ್ಟು, ಅಷ್ಟೇ. ಆಮೇಲೆ ಕೆಳಗೆ ಬರೆದೆ: ‘1933ರಲ್ಲಿ ಕೋಡಿ ಬಿದ್ದಿದ್ದ ಮಾರಿಕಣಿವೆ, 89 ವರ್ಷದ ನಂತರ, 2022ರ ಸೆಪ್ಟೆಂಬರ್.’ ಮುಂದಿನ ಸಲ ಅವರು ಅಲ್ಲೇ ನಿಂತರು. ದಡದಲ್ಲಿ ಕೈಮುಗಿದು ನಿಂತಿದ್ದ ಅಜ್ಜನನ್ನು ಆಗ ನೋಡಿದರು. ‘ಇವರನ್ನು ಯಾಕೆ ಇಷ್ಟು ದೂರದಿಂದ ತೆಗೆದಿರಿ?’ ಅಂತ ಕೇಳಿದರು. ನನಗೆ ಬೇಕಾಗಿದ್ದದ್ದು ಅಂಥ ಪ್ರಶ್ನೆ.

ಯಾರನ್ನು ಕೇಳಬೇಕು?

ಮೂರು ಥರದ ಜನ ಬೇಕು. ಫೋಟೊ ಗೊತ್ತಿರುವವರು, ಫೋಟೊದಲ್ಲಿರುವ ವಿಷಯ ಗೊತ್ತಿರುವವರು, ಎರಡೂ ಗೊತ್ತಿಲ್ಲದವರು.

ಮೊದಲನೆಯವರನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ರೀಲಿನ ಕಾಲದಿಂದ ಕೆಲಸ ಮಾಡಿದ ಸ್ಟುಡಿಯೊದವರು ನಿಮ್ಮ ಊರಿನಲ್ಲೇ ಇದ್ದಾರೆ. ಒಂದು ರೋಲಿನಲ್ಲಿ 36 ಫೋಟೊ ಮಾತ್ರ ಸಿಗುತ್ತಿದ್ದ ಕಾಲದಲ್ಲಿ ಪಳಗಿದ ಕಣ್ಣು ಅವರದು. ದಾವಣಗೆರೆಯಲ್ಲಿ ದೃಶ್ಯಕಲಾ ಮಹಾವಿದ್ಯಾಲಯ ಇದೆ, ಚಿತ್ರ ಬರೆಯುವವರ ಕಣ್ಣು ಫೋಟೊಗೆ ತುಂಬ ಉಪಯೋಗ. ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿ 1971ರಿಂದ ನಡೆಯುತ್ತಿದೆ, ಅಂಥ ಸಂಘ ಸೇರಿದರೆ ಅನುಭವಿಗಳ ಒಡನಾಟ ಸಿಗುತ್ತದೆ. ಸ್ಪರ್ಧೆಗೆ ಕಳಿಸುವುದೇ ಅಭಿಪ್ರಾಯ ಪಡೆಯುವ ದಾರಿ ಅಂತ ಕೆಲವರು ಅಂದುಕೊಂಡಿದ್ದಾರೆ. ನಾನು ಒಪ್ಪುವುದಿಲ್ಲ. ಅಲ್ಲಿ ಹೆಚ್ಚಾಗಿ ಸಿಗುವುದು ಅಂಕ. ಫೋಟೊ ಆಯ್ಕೆ ಆಯಿತೋ ಇಲ್ಲವೋ ಗೊತ್ತಾಗುತ್ತದೆ, ಯಾಕೆ ಅನ್ನುವುದು ಗೊತ್ತಾಗುವುದಿಲ್ಲ.

ಎರಡನೆಯವರನ್ನು ನಾವು ಪೂರ್ತಿ ಮರೆಯುತ್ತೇವೆ. ಇಲ್ಲಿ ಒಂದು ಘಟನೆ ಹೇಳಲೇಬೇಕು.

ನಮ್ಮೂರಿನ ಮಂಡಕ್ಕಿ ಭಟ್ಟಿಗಳು ಗೊತ್ತಲ್ವಾ? ಒಲೆಯ ಮೇಲೆ ಮರಳು ಕಾಯುತ್ತಿರುತ್ತದೆ. ಅದಕ್ಕೆ ಅಕ್ಕಿ ಬಿದ್ದ ಕೂಡಲೇ ಪಟಪಟ ಅರಳುತ್ತದೆ. ಜರಡಿ ಹಿಡಿದು ಮರಳು ಉದುರಿಸುತ್ತಾರೆ. ಹೊಗೆ, ಬೆಂಕಿ ಬೆಳಕು, ಬಿಳಿ ಮಂಡಕ್ಕಿ ರಾಶಿ. ಅಲ್ಲಿ ತೆಗೆದ ಆರು ಫೋಟೊ ನನ್ನ ಪೋರ್ಟ್‌ಫೋಲಿಯೊದ ಮುಖ್ಯ ಭಾಗ. ಫೋಟೊ ತೆಗೆಯುವ ಗೆಳೆಯರೆಲ್ಲ ಮೆಚ್ಚಿದ್ದರು. ಒಂದು ದಿನ ಅದೇ ಭಟ್ಟಿಯ ಅಕ್ಕನಿಗೆ ಫೋನಿನಲ್ಲಿ ತೋರಿಸಿದೆ. ಸೆರಗಿನಿಂದ ಕೈ ಒರೆಸಿಕೊಂಡು ಫೋನ್ ತಗೊಂಡರು. ಒಂದೊಂದನ್ನೂ ನಿಧಾನಕ್ಕೆ ನೋಡಿದರು.

‘ಚಲೋ ಅದಾವ್ರಿ ಅಣ್ಣಾ. ಆದ್ರ ಇದ್ರಾಗ ಬಿಸಿನ ಇಲ್ಲಲ್ಲ. ಮಂಜು ಬಿದ್ದಂಗ ಕಾಣ್ತೈತಿ. ನಮ್ ಭಟ್ಟಿ ಇಷ್ಟು ತಣ್ಣಗ ಇರಲ್ಲ ಬಿಡ್ರಿ.’

ನಾನು ಮನೆಗೆ ಬಂದು ಫೋಟೊಗಳನ್ನು ಮತ್ತೆ ತೆರೆದೆ. ಅವರು ಹೇಳಿದ್ದು ಅಕ್ಷರಶಃ ನಿಜ. ಕ್ಯಾಮೆರಾದ ವೈಟ್ ಬ್ಯಾಲೆನ್ಸ್ (ಬೆಳಕಿಗೆ ತಕ್ಕಂತೆ ಬಣ್ಣ ಹೊಂದಿಸುವ ಸೆಟ್ಟಿಂಗ್) ಆಟೊದಲ್ಲಿತ್ತು. ಬೆಂಕಿಯ ಕೆಂಪನ್ನು ಅದು ‘ತಪ್ಪು’ ಅಂತ ತಿಳಿದು ಸರಿ ಮಾಡಿಬಿಟ್ಟಿತ್ತು. ಹೊಗೆ ನೀಲಿ ತಿರುಗಿತ್ತು. ಅದರ ಮೇಲೆ ನಾನು ಬೇರೆ ಸ್ವಲ್ಪ ನೀಲಿ ಸೇರಿಸಿದ್ದೆ, ಚೆಂದ ಕಾಣಲಿ ಅಂತ. ವರ್ಷಗಟ್ಟಲೆ ಫೋಟೊ ತೆಗೆದ ಗೆಳೆಯರು ಯಾರೂ ಇದನ್ನು ಹೇಳಿರಲಿಲ್ಲ. ಅವರಿಗೆ ಆ ಬಿಸಿ ಗೊತ್ತಿಲ್ಲ, ಹೇಗೆ ಹೇಳುತ್ತಾರೆ?

ಅಂದಿನಿಂದ ನಾನೊಂದು ನಿಯಮ ಇಟ್ಟುಕೊಂಡಿದ್ದೇನೆ. ಸೂಳೆಕೆರೆಯ ಮೀನುಗಾರರ ಫೋಟೊ ಮೀನುಗಾರರಿಗೆ, ಮೊಳಕಾಲ್ಮೂರಿನ ಮಗ್ಗದ ಫೋಟೊ ನೇಕಾರರಿಗೆ ತೋರಿಸದೆ ಪೋರ್ಟ್‌ಫೋಲಿಯೊಗೆ ಹಾಕುವುದಿಲ್ಲ.

ಮೂರನೆಯವರು ನಿಮ್ಮ ಪಕ್ಕದ ಮನೆಯವರು, ಆಫೀಸಿನವರು, ಹತ್ತು ವರ್ಷದ ಮಗು. ಫೋಟೊ ಅರ್ಥ ಆಗುತ್ತದೋ ಇಲ್ಲವೋ ಅಂತ ಅವರಿಂದ ಗೊತ್ತಾಗುತ್ತದೆ. ಅಷ್ಟು ಸಾಕು.

‘ಹೇಗಿದೆ?’ ಅಂತ ಕೇಳಬೇಡಿ

‘ಹೇಗಿದೆ?’ ಅಂದರೆ ನಮ್ಮ ಕಡೆ ಉತ್ತರ ಒಂದೇ: ‘ಚೆನ್ನಾಗಿದೆ.’ ಮನೆಗೆ ಬಂದವರು ಊಟದ ಬಗ್ಗೆ ಹೇಳುವ ಹಾಗೆ. ಅವರು ಸುಳ್ಳು ಹೇಳುತ್ತಿಲ್ಲ, ಮರ್ಯಾದೆ ಕೊಡುತ್ತಿದ್ದಾರೆ. ಆದ್ದರಿಂದ ಆ ಮರ್ಯಾದೆ ಅಡ್ಡ ಬಾರದಂಥ ಪ್ರಶ್ನೆ ಕೇಳಬೇಕು. ನಾನು ಕಳಿಸುವ ಸಂದೇಶ ಸುಮಾರು ಹೀಗಿರುತ್ತದೆ:

‘ನಮಸ್ಕಾರ ಸರ್. ದಾವಣಗೆರೆ, ಚಿತ್ರದುರ್ಗದ ಸುತ್ತ ಕೆಲಸ ಮಾಡುವ ಜನರ ಫೋಟೊ ತೆಗೆಯುತ್ತಿದ್ದೇನೆ. ಇಪ್ಪತ್ತು ಆರಿಸಿದ್ದೇನೆ, ನೋಡಲು ಹತ್ತು ನಿಮಿಷ ಬೇಕಾಗಬಹುದು. ಇದರಲ್ಲಿ ಐದು ತೆಗೆದುಹಾಕಲೇಬೇಕು ಅಂದರೆ ಯಾವುದು ತೆಗೆದುಹಾಕುತ್ತೀರಿ? 7 ಮತ್ತು 12ರಲ್ಲಿ ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಯಿತು? ಬಿಡುವಾದಾಗ ಹೇಳಿ, ಅವಸರ ಇಲ್ಲ.’

‘ಐದು ತೆಗೆದುಹಾಕಲೇಬೇಕು’ ಅನ್ನುವುದರಲ್ಲಿ ಗುಟ್ಟಿದೆ. ಬೈಯಿರಿ ಅಂದರೆ ಯಾರೂ ಬೈಯುವುದಿಲ್ಲ. ಆರಿಸಿಕೊಡಿ ಅಂದರೆ ಖುಷಿಯಿಂದ ಆರಿಸುತ್ತಾರೆ. ಹಾಗೆ ಆರಿಸುವಾಗ ಕಾರಣಗಳು ತಾವಾಗಿಯೇ ಬಾಯಿಗೆ ಬರುತ್ತವೆ. ಕಣ್ಣು ಎಲ್ಲಿಗೆ ಹೋಯಿತು ಅನ್ನುವುದೂ ಹಾಗೇ. ಅದಕ್ಕೆ ಫೋಟೊಗ್ರಫಿ ಓದಿರಬೇಕಾಗಿಲ್ಲ, ಕಣ್ಣಿದ್ದರೆ ಸಾಕು. ನೀವು ಅಜ್ಜಿಯ ಮುಖ ತೋರಿಸಬೇಕು ಅಂತ ತೆಗೆದಿದ್ದೀರಿ, ಅವರು ‘ಹಿಂದಿನ ಕೆಂಪು ಬಕೆಟ್ಟಿಗೆ’ ಅಂದರೆ ನಿಮಗೆ ಉತ್ತರ ಸಿಕ್ಕಿತು.

ಎದುರಿಗೆ ಕೂತು ತೋರಿಸಿ, ಬಾಯಿ ಮುಚ್ಚಿಕೊಂಡಿರಿ

ಸಾಧ್ಯವಾದರೆ ಸಂದೇಶಕ್ಕಿಂತ ಇದೇ ಒಳ್ಳೆಯದು. ಒಬ್ಬರು ಹಿರಿಯ ಸ್ಟುಡಿಯೊ ಯಜಮಾನರ ಹತ್ತಿರ ಟ್ಯಾಬ್ ತಗೊಂಡು ಹೋಗಿದ್ದೆ. ಮಧ್ಯಾಹ್ನದ ಹೊತ್ತು, ಅಂಗಡಿ ಖಾಲಿ. ಅವರು ಕನ್ನಡಕ ಹಣೆಗೇರಿಸಿ ಒಂದೊಂದೇ ನೋಡುತ್ತಾ ಹೋದರು. ಎರಡು, ಮೂರು, ನಾಲ್ಕು ಬೇಗ ಬೇಗ ದಾಟಿದವು. ಜೋಗಿಮಟ್ಟಿ ಫೋಟೊದಲ್ಲಿ ಬೆರಳು ನಿಂತಿತು. ಏನೂ ಹೇಳದೆ ಎಡಗೈ ಅಂಗೈಯನ್ನು ಸ್ಕ್ರೀನಿನ ಬಲ ಅಂಚಿನ ಮೇಲೆ ಇಟ್ಟರು. ಅಲ್ಲಿ ಅರ್ಧ ಕತ್ತರಿಸಿದ ಒಂದು ಪೊದೆ ಇತ್ತು. ‘ಈಗ ನೋಡು ತಮ್ಮಾ’ ಅಂದರು. ಕೈ ತೆಗೆದರು, ಮತ್ತೆ ಇಟ್ಟರು. ಪೊದೆ ಮುಚ್ಚಿದಾಗ ಬೆಟ್ಟ ದೊಡ್ಡದಾಗುತ್ತಿತ್ತು.

‘ಅವತ್ತು ಅಲ್ಲಿ ಜಾಗ ಇರಲಿಲ್ಲ ಸರ್’ ಅನ್ನಲು ಬಾಯಿ ತೆರೆದಿದ್ದೆ, ತಡೆದುಕೊಂಡೆ. ಹಾಗೆ ಅಂದಿದ್ದರೆ ಅವರು ‘ಓ ಹೌದಾ’ ಅಂತ ಮುಂದಿನ ಫೋಟೊಗೆ ಹೋಗುತ್ತಿದ್ದರು. ನಾವು ಸಮಜಾಯಿಷಿ ಕೊಟ್ಟಷ್ಟೂ ಎದುರಿನವರು ಹೇಳುವುದನ್ನು ಕಡಿಮೆ ಮಾಡುತ್ತಾರೆ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಅವರ ಮಾತನ್ನು ಅವರದೇ ಪದಗಳಲ್ಲಿ ಬರೆದುಕೊಳ್ಳಿ. ‘ಕಾಂಪೊಸಿಷನ್ ಸರಿಯಿಲ್ಲ’ ಅಂತ ನಿಮ್ಮ ಭಾಷೆಗೆ ತಿರುಗಿಸಬೇಡಿ. ‘ಬಿಸಿನ ಇಲ್ಲ’ ಅಂದರೆ ‘ಬಿಸಿನ ಇಲ್ಲ’ ಅಂತಲೇ ಬರೆಯಿರಿ. ಯಾವ ಫೋಟೊ ಬೇಗ ದಾಟಿತು, ಯಾವುದರಲ್ಲಿ ಬೆರಳು ನಿಂತಿತು ಅನ್ನುವುದನ್ನೂ ಬರೆದುಕೊಳ್ಳಿ.

ಅಂಗೈ ಇಡುವ ಆ ಉಪಾಯವನ್ನು ನಾನು ಈಗ ಮನೆಯಲ್ಲೇ ಮಾಡುತ್ತೇನೆ. ನಾಲ್ಕೂ ಅಂಚು ಒಂದೊಂದಾಗಿ ಮುಚ್ಚಿ ನೋಡಿ. ಫೋನನ್ನು ತಲೆಕೆಳಗು ಮಾಡಿಯೂ ನೋಡಿ. ಆಗ ಗುಡಿ, ಮನುಷ್ಯ ಅಂತ ಕಾಣುವುದು ಬಿಟ್ಟು ಬೆಳಕು ಕತ್ತಲೆ ಮಾತ್ರ ಕಾಣುತ್ತದೆ. ಯಾವ ಮೂಲೆ ಕಣ್ಣನ್ನು ಎಳೆಯುತ್ತಿದೆ ಅಂತ ಸಿಕ್ಕಿಬೀಳುತ್ತದೆ.

ಯಾರ ಮಾತು ತೆಗೆದುಕೊಳ್ಳಬೇಕು?

ಐದು ಜನ ಐದು ಥರ ಹೇಳುತ್ತಾರೆ. ಒಬ್ಬರು ಕಪ್ಪುಬಿಳುಪು ಮಾಡು ಅಂದರೆ ಇನ್ನೊಬ್ಬರು ಬಣ್ಣವೇ ಜೀವ ಅನ್ನುತ್ತಾರೆ. ಅದು ಅವರವರ ರುಚಿ, ನಿಮ್ಮ ರುಚಿಯಂತೆ ಮಾಡಿ. ಆದರೆ ಒಬ್ಬರಿಗೊಬ್ಬರು ಗೊತ್ತಿಲ್ಲದ ಮೂವರು ಒಂದೇ ಜಾಗ ತೋರಿಸಿದರೆ ಅಲ್ಲಿ ತೊಂದರೆ ಇದೆ. ಕಾರಣ ಬೇರೆ ಬೇರೆ ಹೇಳಿದರೂ ಸರಿ. ನನ್ನ ಸೂಳೆಕೆರೆ ಫೋಟೊಗೆ ಒಬ್ಬರು ‘ಏನೋ ಸರಿಯಿಲ್ಲ’ ಅಂದರು, ಒಬ್ಬರು ‘ನೀರು ಚೆಲ್ಲುತ್ತಿದೆ’ ಅಂದರು, ಮಗಳು ‘ದೋಣಿ ಜಾರ್ತಾ ಇದೆ’ ಅಂದಳು. ಮೂರೂ ಒಂದೇ ಮಾತು. ನೀರಿನ ಗೆರೆ ಎರಡು ಡಿಗ್ರಿ ಓರೆ ಇತ್ತು.

ಬರೆದುಕೊಂಡದ್ದನ್ನು ಎರಡು ಭಾಗ ಮಾಡಿ. ಓರೆ ಗೆರೆ, ಅಂಚಿನ ಪೊದೆ, ಜಾಸ್ತಿಯಾದ ಬಣ್ಣ ಇವೆಲ್ಲ ಕೂತಲ್ಲೇ ಸರಿಯಾಗುತ್ತವೆ. ದೂರ ನಿಂತದ್ದು, ತಪ್ಪು ಹೊತ್ತಿಗೆ ಹೋದದ್ದು, ಕ್ಷಣ ತಪ್ಪಿದ್ದು ಸರಿಯಾಗುವುದಿಲ್ಲ. ಅವುಗಳಿಗೆ ಮತ್ತೆ ಹೋಗಲೇಬೇಕು. ಈ ಎರಡನೇ ಪಟ್ಟಿಯೇ ನನಗೆ ಜಾಸ್ತಿ ಇಷ್ಟ. ಮುಂದಿನ ಭಾನುವಾರ ಎಲ್ಲಿಗೆ ಹೋಗಬೇಕು ಅಂತ ಅದೇ ಹೇಳುತ್ತದೆ.

ಮತ್ತೆ ತೆಗೆದು, ಅವರಿಗೇ ತೋರಿಸಿ

ಅಭಿಪ್ರಾಯ ಕೊಟ್ಟವರಿಗೆ ಬದಲಾದ ಫೋಟೊ ತೋರಿಸದೆ ಬಿಡುವುದು ದೊಡ್ಡ ನಷ್ಟ. ತಮ್ಮ ಮಾತು ಕೆಲಸಕ್ಕೆ ಬಂತು ಅಂತ ಗೊತ್ತಾದರೆ ಅವರು ಮುಂದಿನ ಸಲ ಇನ್ನೂ ಬಿಚ್ಚಿ ಹೇಳುತ್ತಾರೆ.

ಭಟ್ಟಿಯ ಫೋಟೊಗಳು ಜೆಪೆಗ್‌ನಲ್ಲಿದ್ದವು, ಕೂತಲ್ಲೇ ಬಣ್ಣ ತಿರುಗಿಸಿದರೆ ಕೆಡುತ್ತಿತ್ತು. ಹಾಗಾಗಿ ಮತ್ತೆ ಹೋದೆ. ಈ ಸಲ ರಾ ಫೈಲ್ (ಆಮೇಲೆ ಬಣ್ಣ ತಿರುಗಿಸಿದರೂ ಕೆಡದ ಕ್ಯಾಮೆರಾದ ಮೂಲ ಫೈಲ್), ವೈಟ್ ಬ್ಯಾಲೆನ್ಸ್ ‘ಡೇಲೈಟ್’. ಬೆಂಕಿ ಕೆಂಪಗೆ ಉಳಿಯಿತು. ಶಟರ್ ವೇಗ ಸೆಕೆಂಡಿನ 1/30ಕ್ಕೆ ಇಳಿಸಿದ್ದರಿಂದ ಜರಡಿಯಿಂದ ಉದುರುವ ಮರಳು ಎಳೆ ಎಳೆಯಾಗಿ ಬಂತು. ಹತ್ತಿರ ಹೋಗಿ ನಿಂತದ್ದಕ್ಕೆ ನನ್ನ ಮುಖವೂ ಕಾದಿತ್ತು.

ವಾರ ಬಿಟ್ಟು ಅದೇ ಅಕ್ಕನಿಗೆ ತೋರಿಸಿದೆ. ಬಹಳ ಹೊತ್ತು ನೋಡಿದರು. ‘ಈಗ ಬಿಸಿ ಐತಿ ನೋಡ್ರಿ’ ಅಂದರು. ನನಗೆ ಎಷ್ಟು ಸಂತೋಷವಾಯಿತು ಅಂತ ಹೇಳಲಾರೆ. ಅವರು ಫೋನ್ ವಾಪಸು ಕೊಡಲು ಚಾಚಿ, ಮತ್ತೆ ಹತ್ತಿರ ಹಿಡಿದು ನೋಡಿದರು. ‘ಆದ್ರ ಅಣ್ಣಾ, ಜರಡಿ ಹಿಡಿದಿದ್ದು ನಾನು. ನನ್ ಕೈ ಎಲ್ಲಿ ಹೋತು?’

ಕೈ ಅಂಚಿನಲ್ಲಿ ಕತ್ತರಿಸಿತ್ತು. ನೋಟ್‌ಬುಕ್ಕಿನ ಎರಡನೇ ಪಟ್ಟಿಯಲ್ಲಿ ಬರೆದುಕೊಂಡಿದ್ದೇನೆ. ಈ ಭಾನುವಾರ ಬೆಳಿಗ್ಗೆ ಒಲೆ ಹೊತ್ತಿಸುವ ಮುಂಚೆಯೇ ಬರಲು ಹೇಳಿದ್ದಾರೆ.