ಏಳು ಗಂಟೆ ಜಾಗದ ಎಳ್ಳು

ತಾಂಬೂಲ ಬದಲಾಯಿಸಿ, ಉಂಗುರ ತೊಡಿಸಿ ಆಗಿತ್ತು. ಎಲ್ಲರೂ ಊಟಕ್ಕೆ ಎದ್ದರು. ದೊಡ್ಡಮ್ಮ ಮಾತ್ರ ನನ್ನ ಕೈ ಬಿಡಲಿಲ್ಲ. ಛತ್ರದ ಕಿಟಕಿ ಹತ್ತಿರ ಎಳೆದುಕೊಂಡು ಹೋಗಿ, ಕನ್ನಡಕ ಹಣೆಗೇರಿಸಿ, ಉಂಗುರದ ಬೆರಳನ್ನು ಮೂಗಿನ ತುದಿಗೆ ಹಿಡಿದು ನೋಡಿದರು.

"ಏನೇ ಇದು, ಹರಳಲ್ಲಿ ಎಳ್ಳು ಬಿದ್ದಂಗಿದೆಯಲ್ಲ?"

ಕೊಳೆ ಇರಬೇಕು ಅಂತ ಸೆರಗಿನಲ್ಲಿ ಒರೆಸಿದೆ. ಹೋಗಲಿಲ್ಲ. ಬಾಯಿಂದ ಊದಿದೆ. ಹೋಗಲಿಲ್ಲ. ಎಳ್ಳು ಅನ್ನೋದು ದೊಡ್ಡಮ್ಮನ ಲೆಕ್ಕ. ನಿಜಕ್ಕೂ ಅದು ಚೂಪಾದ ಪೆನ್ಸಿಲ್ ಮೊನೆಯನ್ನು ಒಂದು ಸಲ ತಾಗಿಸಿದಷ್ಟೇ. ಆದರೆ ಹರಳಿನ ಮೇಲಲ್ಲ, ಒಳಗಿತ್ತು. ಹೋಳಿಗೆ ಬಡಿಸುವಾಗಲೂ ನನ್ನ ಕಣ್ಣು ಎಲೆ ಮೇಲಿರಲಿಲ್ಲ.

ಇದು 2018ರ ಮಾತು. ಉಂಗುರ ತಗೊಂಡಿದ್ದು ಬೆಂಗಳೂರಲ್ಲಿ. 18 ಕ್ಯಾರೆಟ್ ಚಿನ್ನ, ಅದರ ಮೇಲೆ ಮೂವತ್ತು ಸೆಂಟ್ಸ್‌ನ ಒಂದೇ ವಜ್ರ. ಕ್ಯಾರೆಟ್ ಅನ್ನೋದು ಚಿನ್ನಕ್ಕೆ ಶುದ್ಧತೆಯ ಲೆಕ್ಕ, ವಜ್ರಕ್ಕೆ ತೂಕದ ಲೆಕ್ಕ. ನೂರು ಸೆಂಟ್ಸ್ ಅಂದರೆ ಒಂದು ಕ್ಯಾರೆಟ್, ಅಂದರೆ 200 ಮಿಲಿಗ್ರಾಂ. ನನ್ನ ಹರಳು ಬರೀ 60 ಮಿಲಿಗ್ರಾಂ, ಅಗಲ ನಾಲ್ಕು ಮಿಲಿಮೀಟರ್‌ಗಿಂತ ಚೂರು ಜಾಸ್ತಿ. ಅಷ್ಟು ಸಣ್ಣದರಲ್ಲಿ ಅಷ್ಟು ಸಣ್ಣ ಚುಕ್ಕೆ ಒಂದು ತಿಂಗಳು ನನ್ನ ನಿದ್ದೆ ಕೆಡಿಸಿತು.

ಅಂಗಡಿಯಲ್ಲಿ ಯಾಕೆ ಕಾಣಲಿಲ್ಲ? ಅಲ್ಲಿ ತಲೆ ಮೇಲೆ ಸಾಲು ಸಾಲು ಪುಟ್ಟ ದೀಪ. ಅದರ ಕೆಳಗೆ ಹರಳು ಎಷ್ಟು ಮಿನುಗುತ್ತೆ ಅಂದರೆ ಒಳಗೆ ಏನಿದ್ದರೂ ಆ ಮಿಂಚಿನಲ್ಲಿ ಮುಚ್ಚಿಹೋಗುತ್ತೆ. ಕಿಟಕಿ ಪಕ್ಕದ ತಣ್ಣಗಿನ ಬೆಳಕಿನಲ್ಲಿ ಆ ಆಟ ನಡೆಯಲ್ಲ. ಜೊತೆಗೆ ಕೊಟ್ಟ ಕಾರ್ಡಲ್ಲಿ ಎಸ್‌ಐ2 ಅಂತ ಇತ್ತು. ಹರಳನ್ನು ಹತ್ತು ಪಟ್ಟು ದೊಡ್ಡದು ಮಾಡಿ ನೋಡಿ ಹಾಕುವ ದರ್ಜೆ ಅದು. ಏನೂ ಕಾಣದಿದ್ದರೆ ಎಫ್‌ಎಲ್. ಆಮೇಲೆ ಐಎಫ್, ವಿವಿಎಸ್, ವಿಎಸ್, ಅದರ ಕೆಳಗೆ ಎಸ್‌ಐ, ಕೊನೆಗೆ ಐ. ಎಸ್‌ಐ2 ಅಂದರೆ ಬರಿಗಣ್ಣಿಗೆ ಕಾಣಬಹುದು, ಕಾಣದೆಯೂ ಇರಬಹುದು ಅನ್ನೋ ಗಡಿ. ಅಂಗಡಿಯವನು "ಕಣ್ಣಿಗೆ ಕಾಣಲ್ಲ ಮೇಡಂ" ಅಂದಿದ್ದ. ಅವನಿಗೆ ನಮ್ಮ ದೊಡ್ಡಮ್ಮ ಗೊತ್ತಿರಲಿಲ್ಲ.

ದೊಡ್ಡಮ್ಮನಿಗೆ ಇದು ಅಂದದ ಪ್ರಶ್ನೆಯೇ ಅಲ್ಲ. "ವಜ್ರ ಎಲ್ಲರಿಗೂ ಆಗಿ ಬರಲ್ಲ. ಕರಿ ಚುಕ್ಕೆ ಇದ್ದರಂತೂ ಬೇಡವೇ ಬೇಡ" ಅಂದರು. ಸುಮ್ನೆ ಹೆದರಿಸ್ತಾರೆ ಅಂದುಕೊಂಡಿದ್ದೆ, ಆದರೆ ಈ ಮಾತು ತುಂಬಾ ಹಳೇದು. ಆರನೇ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ವಜ್ರದ ದೋಷಗಳನ್ನು ಹೇಳುವಾಗ ಕಾಗೆ ಕಾಲಿನ ಗುರುತು, ನೊಣ, ಕೂದಲು ಅಂತೆಲ್ಲ ಪಟ್ಟಿ ಮಾಡುತ್ತಾನೆ. ಗಂಡುಮಕ್ಕಳು ಬೇಕು ಅನ್ನೋ ಹೆಂಗಸರು ವಜ್ರ ಹಾಕಿಕೊಳ್ಳಲೇಬಾರದು ಅಂತ ಕೆಲವರು ಹೇಳ್ತಾರೆ ಅನ್ನೋದೂ ಅಲ್ಲಿದೆ. ದೋಷದ ಮಾತಿಗೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಆದರೆ ನೋಡೋ ಕಣ್ಣಿನ ಬಗ್ಗೆ ಗೌರವ ಬಂತು. ಈಗಿನ ಥರ ಲೆನ್ಸ್ ಇಲ್ಲದ ಕಾಲದಲ್ಲೂ ಜನ ಹರಳಿನೊಳಗೆ ನೊಣದ ಆಕಾರ ಹುಡುಕಿದ್ದರಲ್ಲ!

ನನ್ನನ್ನು ಮದುವೆಯಾಗಲಿದ್ದವರಿಗೆ ಇದನ್ನು ಹೇಳಲು ಒಂದು ತಿಂಗಳು ಹಿಡಿಯಿತು. ಸಂಬಳದಲ್ಲಿ ಉಳಿಸಿ ತಂದ ಉಂಗುರ, ಏನಂತ ಹೇಳೋದು? ಕೊನೆಗೆ ಹೇಳಿದಾಗ "ಬದಲಾಯಿಸೋಣ ಬಿಡು" ಅಂದರು. ಅಂಗಡಿಗೆ ಹೋದೆವು. ಅದೇ ಅಳತೆಯ ವಿಎಸ್ ಹರಳಿಗೆ ವ್ಯತ್ಯಾಸದ ದುಡ್ಡು, ಮೇಲೆ ಮತ್ತೊಂದು ಸಲ ಮೇಕಿಂಗ್ ಚಾರ್ಜ್. ಮದುವೆಗೆ ಇನ್ನೂ ಅಡುಗೆಯವರಿಗೆ ಅಡ್ವಾನ್ಸ್ ಕೊಟ್ಟಿರಲಿಲ್ಲ. ಆಚೆ ಬಂದು ಕಾಫಿ ಕುಡಿದು ಮನೆಗೆ ಹೋದೆವು.

ಆಮೇಲೆ ನಾನು ಮಾಡಿದ ಒಳ್ಳೇ ಕೆಲಸ ಅಂದರೆ ಒಂದು ಲೂಪ್, ಅಂದರೆ ಹರಳು ನೋಡೋ ಪುಟ್ಟ ಲೆನ್ಸ್, ಕೊಂಡಿದ್ದು. ಹತ್ತು ಪಟ್ಟಿನದು, ಹೆಬ್ಬೆರಳಷ್ಟು. ಮೊದಲ ದಿನ ಏನೂ ಕಾಣಲಿಲ್ಲ. ಭೂತಗನ್ನಡಿ ಹಿಡಿದ ಹಾಗೆ ಹಿಡಿದಿದ್ದೆ. ಲೂಪ್ ಅನ್ನು ಕಣ್ಣಿಗೇ ಅಂಟಿಸಿಕೊಂಡ ಹಾಗೆ ಹಿಡಿದು, ಉಂಗುರವನ್ನು ಒಂದು ಅಂಗುಲದಷ್ಟು ಹತ್ತಿರ ತರಬೇಕು. ಎರಡೂ ಕೈ ಒಂದಕ್ಕೊಂದು ತಾಗಿರಬೇಕು, ಇಲ್ಲದಿದ್ದರೆ ಅಲುಗಾಡುತ್ತೆ. ಇನ್ನೊಂದು ಕಣ್ಣು ಮುಚ್ಚಬಾರದು. ಹಾಗೆ ಹಿಡಿದಾಗ ಥಟ್ಟನೆ ಹರಳು ಒಂದು ಕೋಣೆಯ ಹಾಗೆ ತೆರೆದುಕೊಂಡಿತು. ಚುಕ್ಕೆ ಮೂರು ಕಂಡವು. ಎದೆ ಧಸಕ್ ಅಂತು. ನಿಧಾನಕ್ಕೆ ಉಂಗುರ ಓಲಾಡಿಸಿದರೆ ಮೂರೂ ಒಟ್ಟಿಗೆ ಓಡಾಡುತ್ತಿದ್ದವು. ಇರೋದು ಒಂದೇ, ಉಳಿದೆರಡು ಒಳಗಿನ ಮುಖಗಳಲ್ಲಿ ಅದರದ್ದೇ ನೆರಳು. ಪಕ್ಕದಲ್ಲಿ ಪುಕ್ಕದ ಥರ ಒಂದು ಬೆಳ್ಳಗಿನ ಗೆರೆ. ಸಣ್ಣ ಹರಳಲ್ವಾ, ಕಾರ್ಡಲ್ಲಿ ದರ್ಜೆ ಮಾತ್ರ ಇತ್ತು, ಯಾವುದು ಎಲ್ಲಿದೆ ಅನ್ನೋ ಚಿತ್ರ ಇರಲಿಲ್ಲ. ನಾನೇ ಬರೆದೆ. ಉಂಗುರದ ಒಳಗೆ 750 ಅಂತ ಗುರುತಿರುವ ಕಡೆಯನ್ನು ನನ್ನ ಕಡೆಗೆ ತಿರುಗಿಸಿ ಹಿಡಿದರೆ ಹರಳು ಗಡಿಯಾರದ ಮುಖ. ಚುಕ್ಕೆ ಏಳು ಗಂಟೆ ಜಾಗದಲ್ಲಿ, ಪುಕ್ಕ ಎಂಟಕ್ಕೆ. ಫೋನ್ ಕ್ಯಾಮೆರಾವನ್ನು ಲೂಪ್‌ಗೆ ಇಟ್ಟು ಫೋಟೋನೂ ತೆಗೆದೆ. ಇಪ್ಪತ್ತು ತೆಗೆದರೆ ಎರಡು ನೆಟ್ಟಗೆ ಬಂದವು.

ಮುಂದೆ ಹೋಗಿದ್ದು ನಮ್ಮೂರಿನಲ್ಲಿ ಚಿನ್ನದ ಕೆಲಸ ಮಾಡೋ ಆಚಾರ್ರ ಹತ್ತಿರ. ಚುಕ್ಕೆ ತೋರಿಸಿ, "ಹರಳು ತಿರುಗಿಸಿ ಕೂರಿಸಿದರೆ ಇದನ್ನು ಮುಚ್ಚಬಹುದಾ ಆಚಾರ್ರೇ?" ಅಂದೆ. ಅಂಚಿನಲ್ಲಿರುವ ಚುಕ್ಕೆಯನ್ನು ಹರಳು ಹಿಡಿಯುವ ಚಿನ್ನದ ಹಲ್ಲಿನ ಕೆಳಗೆ ಬರೋ ಹಾಗೆ ಮಾಡೋದು ಹಳೇ ಉಪಾಯ. ಅವರು ನೋಡಿ ತಲೆ ಆಡಿಸಿದರು. "ಅಂಚಿಗಿಂತ ಒಳಗಿದೆ ಕಣಮ್ಮಾ, ಮುಚ್ಚಲ್ಲ. ಸುಮ್ನೆ ಹಲ್ಲು ಬಿಡಿಸಿ ಮತ್ತೆ ಬಗ್ಗಿಸಿದರೆ ಹಲ್ಲಿಗೇ ಆಯಾಸ." ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ತುಂಡು ಮಾಡ್ತೀವಲ್ಲ, ಹಾಗೆ. ಆಮೇಲೆ ಅವರೇ ಒಂದು ಮಾತು ಹೇಳಿದರು. ಇವತ್ತಿಗೂ ಅದೇ ನನ್ನ ಅಳತೆಗೋಲು: "ಕಾಣೋ ತಪ್ಪು ಬಿಡು. ಕಳೆಯೋ ತಪ್ಪು ಹುಡುಕು."

ಹಾಗೆ ಹುಡುಕಿದಾಗ ಒಂದು ಸಿಕ್ಕಿಯೇಬಿಟ್ಟಿತು. ರೇಷ್ಮೆ ಸೀರೆ ಮಡಿಸುವಾಗ ಉಂಗುರ ಎಳೆ ಕೀಳುತ್ತಿತ್ತು. ಸೀರೆ ನಯ ಅದಕ್ಕೆ ಅಂದುಕೊಂಡಿದ್ದೆ. ಅಲ್ಲ, ಒಂದು ಹಲ್ಲು ಕೂದಲೆಳೆಯಷ್ಟು ಎದ್ದಿತ್ತು. ಕಿವಿ ಹತ್ತಿರ ಹಿಡಿದು ಬೆರಳಿಂದ ತಟ್ಟಿದರೆ ಸಣ್ಣಗೆ ಕಿಟಿ ಕಿಟಿ. ಹರಳು ಆಗಲೇ ಅಲುಗಾಡ್ತಾ ಇತ್ತು! ಆಚಾರ್ರು ಹತ್ತು ನಿಮಿಷದಲ್ಲಿ ಒತ್ತಿ ಕೂರಿಸಿ ಕೊಟ್ಟರು. ತಿಂಗಳುಗಟ್ಟಲೆ ನಾನು ಚುಕ್ಕೆ ನೋಡ್ತಾ ಕೂತಿದ್ದೆ. ಹರಳೇ ಬಿದ್ದುಹೋಗಬಹುದಿತ್ತು. ಈಗ ತಿಂಗಳಿಗೊಮ್ಮೆ ಹತ್ತಿ ಬಟ್ಟೆ ಮೇಲೆ ಉಜ್ಜಿ ನೋಡ್ತೀನಿ, ಕಿವಿ ಹತ್ತಿರ ತಟ್ಟಿ ನೋಡ್ತೀನಿ.

ಮಗು ಹುಟ್ಟಿದ ಮೇಲೆ ಬೆರಳು ದಪ್ಪ ಆಯಿತು. ಉಂಗುರ ಕತ್ತರಿಸಿ, ಚೂರು ಚಿನ್ನ ಸೇರಿಸಿ ಬೆಸುಗೆ ಹಾಕಬೇಕಾಯಿತು. ಶಾಖಕ್ಕೆ ಹರಳು ಮಂಕಾಗದಿರಲಿ ಅಂತ ಬೋರಿಕ್ ಪುಡಿ ಸವರಿ ಆಮೇಲೆ ಬೆಂಕಿ ಹಿಡಿದರು. ಮುತ್ತೋ ಹವಳವೋ ಆಗಿದ್ದರೆ ಬಿಚ್ಚಲೇಬೇಕಿತ್ತಂತೆ. ಬೆಸುಗೆಯ ಗೆರೆ ಈಗಲೂ ಇದೆ, ಬಣ್ಣದಲ್ಲಿ ಒಂದು ಛಾಯೆ ಬೇರೆ. ಅಂಗೈ ಕಡೆ ಇರೋದರಿಂದ ನನಗೊಬ್ಬಳಿಗೇ ಗೊತ್ತು. ಕಾಣೋ ತಪ್ಪು, ಬಿಟ್ಟೆ.

ಚಿನ್ನದ ಮೇಲಿನ ಗೀರು ಕೂಡ ಹಾಗೇ. ಮೊದಲು ವರ್ಷ ವರ್ಷ ಪಾಲಿಶ್ ಹಾಕಿಸ್ತಿದ್ದೆ. ಒಂದು ಸಲ ಕೊಡುವಾಗ, ತಗೊಳ್ಳುವಾಗ ಎರಡೂ ಸಲ ತೂಕ ಹಾಕಿಸಿದೆ. ಇಪ್ಪತ್ತು ಮಿಲಿ ಕಮ್ಮಿ. ಯಾರೂ ಕದ್ದಿದ್ದಲ್ಲ. ಗೀರು ಹೋಗಬೇಕಾದರೆ ಅದರ ಸುತ್ತಲಿನ ಚಿನ್ನ ಸವೆಯಲೇಬೇಕು, ಹಲ್ಲಿನದೂ ಸೇರಿ. ನಿಲ್ಲಿಸಿಬಿಟ್ಟೆ. ತೊಳೆಯೋದು ಮಾತ್ರ ಬಿಡಲ್ಲ. ವಜ್ರಕ್ಕೆ ಜಿಡ್ಡು ಅಂದರೆ ಭಾರೀ ಪ್ರೀತಿ. ಕೊಬ್ಬರಿ ಎಣ್ಣೆ, ಚಪಾತಿ ಹಿಟ್ಟು, ಅರಿಶಿನ ಎಲ್ಲ ಹೋಗಿ ಹರಳಿನ ಬೆನ್ನಿಗೆ ಕೂರುತ್ತೆ. ಆಗ ಚುಕ್ಕೆ ಇನ್ನೂ ಜೋರಾಗಿ ಕಾಣುತ್ತೆ. ಉಗುರು ಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ಸೋಪು, ಮಗುವಿನ ಹಳೇ ಬ್ರಷ್. ಅಮ್ಮ ಅಂಟುವಾಳದ ನೊರೆಯೇ ವಾಸಿ ಅಂತಾರೆ, ಅದೂ ಆಗುತ್ತೆ. ಬಟ್ಟಲಲ್ಲೇ ತೊಳೀರಿ, ಸಿಂಕ್ ಮೇಲೆ ಬೇಡ.

ಆ ಕೊನೆಯ ಪಾಲಿಶ್‌ನ ಕಥೆ ಇನ್ನೂ ಇದೆ. ಅವತ್ತು ಕೊಟ್ಟಿದ್ದು ಬೇರೊಂದು ಅಂಗಡಿಗೆ. ಎರಡು ದಿನ ಬಿಟ್ಟು ಹೋದಾಗ ಕೌಂಟರ್ ಹುಡುಗ ತಟ್ಟೆಯಿಂದ ಉಂಗುರ ತೆಗೆದುಕೊಟ್ಟ. ಬೆರಳಿಗೆ ಸರಿಯಾಗಿ ಕೂತಿತು. ಥಳಥಳ ಅಂತಿತ್ತು. ಅಭ್ಯಾಸಬಲದಿಂದ ಬಾಗಿಲ ಬೆಳಕಿಗೆ ಹಿಡಿದೆ. ಎಳ್ಳು ಇಲ್ಲ. ಬ್ಯಾಗಿಂದ ಲೂಪ್ ತೆಗೆದೆ. ಹರಳು ಸ್ವಚ್ಛ, ಏಳು ಗಂಟೆಗೂ ಇಲ್ಲ, ಎಂಟಕ್ಕೂ ಇಲ್ಲ. ತಿರುಗಿಸಿ ನೋಡಿದರೆ ಬೆಸುಗೆ ಗೆರೆಯೂ ಇಲ್ಲ. 2023ರ ಏಪ್ರಿಲ್ ಒಂದರಿಂದ ಕಡ್ಡಾಯ ಆದ ಆರಕ್ಷರದ ಎಚ್‌ಯುಐಡಿ, ಅಂದರೆ ಒಂದೊಂದು ಚಿನ್ನದ ಒಡವೆಗೂ ಬೇರೆ ಬೇರೆ ಇರೋ ಹಾಲ್‌ಮಾರ್ಕ್ ಗುರುತು, ನನ್ನ ಹಳೇ ಉಂಗುರದಲ್ಲಿ ಇಲ್ಲ. ಕೈಯಲ್ಲಿದ್ದದ್ದಕ್ಕೆ ಇತ್ತು. ಎಲ್ಲಾ ಲೆಕ್ಕದಲ್ಲೂ ನನ್ನದಕ್ಕಿಂತ ಒಳ್ಳೇ ಉಂಗುರ. ಒಂದು ಕ್ಷಣ, ಒಂದೇ ಕ್ಷಣ, ಸುಮ್ಮನಿದ್ದೆ. ಸುಳ್ಳು ಯಾಕೆ ಹೇಳಲಿ.

"ಇದು ನಂದಲ್ಲ ಕಣಪ್ಪ. ನಂದರಲ್ಲಿ ಚುಕ್ಕೆ ಇದೆ."

ಹುಡುಗ ನನ್ನ ಮುಖ ನೋಡಿದ. ಹಾಗಂತ ಯಾರೂ ಹೇಳಿರಲಿಕ್ಕಿಲ್ಲ ಅವನಿಗೆ. ತಟ್ಟೆಯಲ್ಲಿ ಅದೇ ಡಿಸೈನಿನ ಇನ್ನೊಂದಿತ್ತು. ಲೂಪ್ ಹಿಡಿದೆ. ಏಳು ಗಂಟೆಗೆ ಎಳ್ಳು, ಎಂಟಕ್ಕೆ ಪುಕ್ಕ. ಫೋನಲ್ಲಿದ್ದ ಫೋಟೋ ಜೊತೆ ಹೋಲಿಸಿ ಅವನಿಗೂ ತೋರಿಸಿದೆ.

ಈ ಕಥೆಯನ್ನು ಹೋದ ದೀಪಾವಳಿಗೆ ದೊಡ್ಡಮ್ಮನಿಗೆ ಹೇಳಿದೆ. ಅವರ ಕಿವಿಯಲ್ಲಿ ಏಳು ಹರಳಿನ ವಜ್ರದ ಓಲೆ, ಅಜ್ಜಿ ಕೊಟ್ಟಿದ್ದು, "ಒಂದು ದೋಷ ತೋರಿಸು ನೋಡೋಣ" ಅಂತ ಸವಾಲು ಹಾಕುವಂಥದ್ದು. ಒಂದನ್ನು ಬಿಚ್ಚಿ ಕೈಗಿಟ್ಟರು. ನೋಡಿದೆ. ಏನೂ ಹೇಳದೆ ಲೂಪನ್ನು ಅವರ ಕೈಗೇ ಕೊಟ್ಟು ಹಿಡಿಯೋದು ಹೇಳಿಕೊಟ್ಟೆ. ಬಹಳ ಹೊತ್ತು ನೋಡಿದರು. ಆಮೇಲೆ ಓಲೆಯನ್ನು ಕಿವಿ ಹತ್ತಿರ ತಂದು, ನಾನು ಹೇಳಿದ್ದ ಹಾಗೇ, ಬೆರಳಿಂದ ತಟ್ಟಿದರು.

"ನಿಮ್ಮ ಆಚಾರ್ರು ಹಬ್ಬದ ದಿನ ಅಂಗಡಿ ತೆಗೆದಿರ್ತಾರೇನೇ?"