ಸರಾಸರಿ ಶೇ 14 ಲಾಭ, ಆದರೂ ಕೈಯಲ್ಲಿ ನಷ್ಟ: ಲೆಕ್ಕ ಹಾಕುವುದು ಹೇಗೆ?

‘ವರ್ಷಕ್ಕೆ ಸರಾಸರಿ ಇಷ್ಟು ಲಾಭ’ ಎಂದು ಯಾರಾದರೂ ಹೇಳಿದರೆ ತಕ್ಷಣ ದುಡ್ಡು ಹಾಕಬೇಡಿ. ಮೊಬೈಲಿನ ಕ್ಯಾಲ್ಕ್ಯುಲೇಟರ್ ತೆರೆಯಿರಿ.

ಮೊದಲು, ಯಾವ ಸರಾಸರಿ ಎಂದು ಕೇಳಿ

ಮುಂಬೈ ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ 2007ರ ಕೊನೆಗೆ 20,287ರಲ್ಲಿತ್ತು. ಅಮೆರಿಕದ ಗೃಹಸಾಲದ ಬಿಕ್ಕಟ್ಟಿನ ಬಿಸಿ ಇಲ್ಲಿಗೂ ತಟ್ಟಿ, 2008ರ ಕೊನೆಗೆ 9,647ಕ್ಕೆ ಬಿತ್ತು. ಶೇ 52 ಇಳಿಕೆ. 2009ರ ಕೊನೆಗೆ 17,465. ಅಂದರೆ ಶೇ 81 ಏರಿಕೆ. ಈಗ 81ರಲ್ಲಿ 52 ಕಳೆದು ಅರ್ಧ ಮಾಡಿ. ವರ್ಷಕ್ಕೆ ಹದಿನಾಲ್ಕೂವರೆ! ಕೇಳಲು ಚೆನ್ನಾಗಿದೆ, ಅಲ್ವಾ?

ಆದರೆ 2007ರ ಕೊನೆಗೆ ₹1 ಲಕ್ಷ ಹಾಕಿದವರ ಬಳಿ ಎರಡು ವರ್ಷದ ನಂತರ ಉಳಿದದ್ದು ಸುಮಾರು ₹86 ಸಾವಿರ. ಶೇ 52 ಕರಗಿದ್ದು ಪೂರ್ತಿ ಲಕ್ಷದಲ್ಲಿ. ಶೇ 81 ಬೆಳೆದದ್ದು ಉಳಿದ ₹47,500 ಮಾತ್ರ. ಅರ್ಧ ಹೋದ ದುಡ್ಡು ಮೊದಲಿನ ಮಟ್ಟಕ್ಕೆ ಬರಬೇಕಾದರೆ ದುಪ್ಪಟ್ಟಾಗಬೇಕು.

ಆದ್ದರಿಂದ ಸಿಎಜಿಆರ್, ಅಂದರೆ ಚಕ್ರಬಡ್ಡಿ ಲೆಕ್ಕದ ವಾರ್ಷಿಕ ಬೆಳವಣಿಗೆ ದರ ಕೇಳಿ. ನೀವೇ ಹಾಕಬಹುದು: ಕೊನೆಯ ಮೊತ್ತವನ್ನು ಮೊದಲಿನದರಿಂದ ಭಾಗಿಸಿ, ಎರಡು ವರ್ಷವಾದರೆ ವರ್ಗಮೂಲ ತೆಗೆದು, 1 ಕಳೆಯಿರಿ. ಇಲ್ಲಿ ಬರುವುದು ವರ್ಷಕ್ಕೆ ಶೇ 7 ನಷ್ಟ. ಎಸ್‌ಐಪಿ (ತಿಂಗಳು ತಿಂಗಳು ಕಂತಿನಲ್ಲಿ ಹಾಕುವುದು) ಆದರೆ ಪ್ರತಿ ಕಂತಿನ ಅವಧಿ ಬೇರೆ, ಹಾಗಾಗಿ ಪ್ರತಿ ಕಂತಿನ ದಿನಾಂಕ ಹಿಡಿದು ವಾರ್ಷಿಕ ಲಾಭ ಲೆಕ್ಕ ಹಾಕುವ ಎಕ್ಸ್‌ಐಆರ್‌ಆರ್ ನೋಡಬೇಕು. ಎಕ್ಸೆಲ್‌ನಲ್ಲಿ ಅದಕ್ಕೆ ಸೂತ್ರವಿದೆ.

ಆಮೇಲೆ, ಎಲ್ಲಿಂದ ಎಣಿಸಿದ್ದಾರೆ ನೋಡಿ

1979ರ ಏಪ್ರಿಲ್‌ನಲ್ಲಿ 100 ಇದ್ದ ಸೆನ್ಸೆಕ್ಸ್ 2024ರ ಮಾರ್ಚ್ ಕೊನೆಗೆ 73,651. ಚಕ್ರಬಡ್ಡಿ ಲೆಕ್ಕದಲ್ಲಿ ವರ್ಷಕ್ಕೆ ಶೇ 16ರ ಹತ್ತಿರ. ಇದೇ ಹಾದಿಯಲ್ಲಿ ಇನ್ನೊಂದು ತುಂಡು ಇದೆ. 1992ರ ಮಾರ್ಚ್ ಕೊನೆಗೆ 4,285, 2003ರ ಮಾರ್ಚ್ ಕೊನೆಗೆ 3,049. ಹಗರಣದ ಷೇರು ದಲ್ಲಾಳಿ ಹರ್ಷದ್ ಮೆಹ್ತಾ ಕಾಲದ ಭರಾಟೆಯಲ್ಲಿ ಹಾಕಿದವರಿಗೆ, ಡಿವಿಡೆಂಡ್ (ಕಂಪನಿ ಹಂಚುವ ಲಾಭಾಂಶ) ಬಿಟ್ಟರೆ, 11 ವರ್ಷ ಕಾದರೂ ಅಸಲೇ ಪೂರ್ತಿ ಸಿಗಲಿಲ್ಲ. ಜಾಹೀರಾತಿನವರು ಈ ತುಂಡನ್ನು ಏಕೆ ತೋರಿಸುತ್ತಾರೆ ಹೇಳಿ!

ಹಾಗಾಗಿ ‘ರೋಲಿಂಗ್ ರಿಟರ್ನ್ಸ್’ ಹುಡುಕಿ. ಬೇರೆ ಬೇರೆ ದಿನ ಶುರು ಮಾಡಿದರೆ ಐದು ವರ್ಷದಲ್ಲಿ ಎಷ್ಟು ಬಂತು ಎಂಬ ಪಟ್ಟಿ ಅದು. ಅದರಲ್ಲಿ ಸರಾಸರಿಗಿಂತ ಮೊದಲು ಅತಿ ಕೆಟ್ಟ ಅಂಕಿ ನೋಡಿ.

ನಿಮ್ಮ ದಿನಾಂಕದ ಪಕ್ಕ ಇಟ್ಟು ನೋಡಿ

ಕೋವಿಡ್ ಭಯದಲ್ಲಿ 2020ರ ಮಾರ್ಚ್ 23ರಂದು ಒಂದೇ ದಿನ ಸೆನ್ಸೆಕ್ಸ್ ಶೇ 13 ಕುಸಿಯಿತು. ಸುಮ್ನೆ ಕೂತವರು ಆ ವರ್ಷದೊಳಗೇ ಚೇತರಿಸಿಕೊಂಡರು. ಅದೇ ವಾರ ಕಾಲೇಜು ಫೀಸಿಗೆ ಮಾರಲೇಬೇಕಾದವರಿಗೆ ಆ ಚೇತರಿಕೆ ಲೆಕ್ಕಕ್ಕೇ ಬರಲಿಲ್ಲ. ನನ್ನನ್ನು ಕೇಳಿದರೆ, ಮೂರು ವರ್ಷದೊಳಗೆ ಬೇಕಾಗುವ ದುಡ್ಡು ಎಫ್‌ಡಿಯಲ್ಲೇ ಇರಲಿ. ಬಡ್ಡಿ ಕಮ್ಮಿ ಎಂದು ಯಾರು ಎಷ್ಟೇ ಹಂಗಿಸಲಿ.

ಮ್ಯೂಚುವಲ್ ಫಂಡನ್ನು ಸೂಚ್ಯಂಕದ ಜೊತೆ ಹೋಲಿಸುವಾಗ ಡಿವಿಡೆಂಡ್ ಸೇರಿಸಿದ ‘ಟಿಆರ್‌ಐ’ ಅಂಕಿಯನ್ನೇ ತೆಗೆದುಕೊಳ್ಳಿ. ಬರೀ ಸೆನ್ಸೆಕ್ಸ್ ಜೊತೆ ಇಟ್ಟರೆ ಸಾಧಾರಣ ಫಂಡ್ ಕೂಡ ಜಾಣನಂತೆ ಕಾಣುತ್ತದೆ.