ಹಳೆಯ ಪ್ರೈಮಸ್ ಸೋರಿದಾಗ ಮೊದಲು ಬೇಕಾದದ್ದು ಬಕೆಟ್

ಪ್ರೈಮಸ್‌ನಂಥ ಸೀಮೆಎಣ್ಣೆಯ ಪಂಪ್ ಸ್ಟೌ ಸೋರಿತೆಂದರೆ ಹೆಚ್ಚಿನವರ ಕೈ ಮೊದಲು ಹೋಗುವುದು ಸ್ಪ್ಯಾನರ್‌ಗೆ. ನಾನು ಬಕೆಟ್ ತುಂಬ ನೀರು ತಂದಿಡುತ್ತೇನೆ. ಸೋರುವುದು ಎಲ್ಲಿಂದ ಎಂದು ಕಣ್ಣಾರೆ ಕಾಣದೆ ಬಿಗಿ ಮಾಡುತ್ತ ಹೋದರೆ ಸತ್ತ ವಾಷರ್ ಬದುಕುವುದಿಲ್ಲ, ಹಿತ್ತಾಳೆಯ ಥ್ರೆಡ್ ಮಾತ್ರ ಹಾಳಾಗುತ್ತದೆ.

ನನ್ನ ಬಳಿ ಇರುವುದು ತಗಡಿನ ಡಬ್ಬಿಯೊಳಗೆ ಮಡಚಿ ಇಡಬಹುದಾದ ಪ್ರೈಮಸ್ 96. ಬೆಂಗಳೂರಿನ ಸಂಡೇ ಬಜಾರಿನಲ್ಲಿ ಸಿಕ್ಕಿದ್ದು. ಅರ್ಧ ಪಿಂಟ್, ಅಂದರೆ ಸುಮಾರು 280 ಮಿಲಿಲೀಟರ್ ಸೀಮೆಎಣ್ಣೆ ಹಿಡಿಯುವ ಪುಟ್ಟ ಟ್ಯಾಂಕು. 1892ರಲ್ಲಿ ಸ್ವೀಡನ್ನಿನ ಲಿಂಡ್‌ಕ್ವಿಸ್ಟ್ ರೂಪಿಸಿದ ವ್ಯವಸ್ಥೆಯೇ ಇದರಲ್ಲೂ ಇದೆ: ಪಂಪಿನ ಗಾಳಿ ಎಣ್ಣೆಯನ್ನು ಮೇಲಕ್ಕೆ ತಳ್ಳುತ್ತದೆ, ಕಾದ ಬರ್ನರ್ ಅದನ್ನು ಆವಿಯಾಗಿಸುತ್ತದೆ, ಆವಿ ನಿಪ್ಪಲ್‌ನಿಂದ, ಅಂದರೆ ಸಣ್ಣ ತೂತಿನ ಮೂತಿಯಿಂದ, ಚಿಮ್ಮಿ ಉರಿಯುತ್ತದೆ. ನಾರ್ವೆಯ ಅನ್ವೇಷಕ ಅಮುಂಡ್ಸೆನ್ ದಕ್ಷಿಣ ಧ್ರುವಕ್ಕೆ ಒಯ್ದದ್ದೂ ಪ್ರೈಮಸ್ಸನ್ನೇ. ಇಷ್ಟು ಸರಳವಾದ ಯಂತ್ರದಲ್ಲಿ ಸೋರಲು ಇರುವ ಜಾಗಗಳೂ ಕೆಲವೇ.

ಎಣ್ಣೆಯನ್ನು ಪೂರ್ತಿ ಬಸಿದು, ಬರ್ನರ್ ಬಿಚ್ಚಿ, ಅದರ ಜಾಗಕ್ಕೆ ಪ್ರಯಾಣದಲ್ಲಿ ಎಣ್ಣೆ ಚೆಲ್ಲದಂತೆ ಹಾಕುವ ಮುಚ್ಚಳ ಹಾಕಿ, ಹಗುರವಾಗಿ ಒಂದೆರಡು ಸಲ ಪಂಪ್ ಹೊಡೆಯುತ್ತೇನೆ. ಚರ್ಮದ ವಾಷರ್ ನೆನೆಯಬಾರದೆಂದು ಪಂಪಿನ ಕಡ್ಡಿಯನ್ನು ಹೊರಗೆಳೆದು ಟ್ಯಾಂಕನ್ನು ನೀರಿನಲ್ಲಿ ಮುಳುಗಿಸಿದರೆ ಗುಳ್ಳೆಗಳೇ ಜಾಗ ತೋರಿಸುತ್ತವೆ. ನನ್ನ ಸ್ಟೌನಲ್ಲಿ ಗುಳ್ಳೆ ಬಂದದ್ದು ಎರಡು ಕಡೆ: ಎಣ್ಣೆ ತುಂಬುವ ಮುಚ್ಚಳದ ಸುತ್ತ ಸಾಲಾಗಿ, ಪಂಪಿನ ಕೊಳವೆಯೊಳಗಿಂದ ಬಿಟ್ಟುಬಿಟ್ಟು.

ಮುಚ್ಚಳದ್ದು ಸುಲಭ. ಸೈಕಲ್ ಟ್ಯೂಬ್ ಕತ್ತರಿಸಿ ವಾಷರ್ ಮಾಡುವವರನ್ನು ನೋಡಿದ್ದೇನೆ. ಅದು ಬೇಡ, ಸೀಮೆಎಣ್ಣೆಗೆ ಊದಿಕೊಂಡು ಮೆತ್ತಗಾಗುತ್ತದೆ. ಎಣ್ಣೆಗೆ ಜಗ್ಗದ ನೈಟ್ರೈಲ್ ರಬ್ಬರ್ ಹಾಳೆಯಿಂದ ಕತ್ತರಿಸಿಕೊಂಡೆ.

ನಿಜವಾದ ಕೆಲಸವಿದ್ದದ್ದು ಪಂಪಿನ ತಳದ ವಾಲ್ವ್‌ನಲ್ಲಿ. ಗಾಳಿಯನ್ನು ಒಳಗೆ ಬಿಟ್ಟು ಎಣ್ಣೆಯನ್ನು ಹೊರಗೆ ಬಿಡದೆ ತಡೆಯುವುದು ಇದೇ. ಇದು ಕೆಟ್ಟರೆ ಪಂಪಿನ ಹಿಡಿ ತಾನಾಗಿ ಮೇಲೇಳುತ್ತದೆ, ಕೊಳವೆಯಲ್ಲಿ ಎಣ್ಣೆ ತುಂಬುತ್ತದೆ, ಕೊನೆಗೆ ಹಿಡಿಯ ಪಕ್ಕದಿಂದ ತೊಟ್ಟಿಕ್ಕುತ್ತದೆ. ಅದು ಉರಿಯುವ ಜ್ವಾಲೆಗೆ ಗೇಣುದ್ದ ದೂರದಲ್ಲಿ! ವಾಲ್ವ್ ಕೊಳವೆಯ ಆಳದಲ್ಲಿರುವುದರಿಂದ ಅದರ ತಲೆಗೆ ಸರಿಯಾಗಿ ಕೂರುವ ಉದ್ದನೆಯ ಉಪಕರಣವೇ ಬೇಕು. ಜಾರಿ ಅಂಚು ಸವೆದರೆ ಆಮೇಲೆ ಹೊರಗೆ ತೆಗೆಯುವುದು ಬಹಳ ಕಷ್ಟ. ಬಿಚ್ಚಿದಾಗ ಒಳಗೆ ಕೂದಲೆಳೆಯಂಥ ಸ್ಪ್ರಿಂಗ್, ಅದರ ತುದಿಯ ಬಟ್ಟಲಲ್ಲಿ ಮೆಣಸಿನ ಕಾಳಿನಷ್ಟು ರಬ್ಬರ್ ಬಿಲ್ಲೆ. ಬಿಲ್ಲೆ ಕಪ್ಪಾಗಿ, ಉಗುರು ಊರದಷ್ಟು ಗಟ್ಟಿಯಾಗಿ, ವಾಲ್ವ್ ಬಾಯಿಯ ಅಚ್ಚು ಅದರ ಮೇಲೆ ಉಂಗುರದಂತೆ ಮೂಡಿತ್ತು. ಸೂಜಿಯಿಂದ ಕೆದಕಿ ತೆಗೆದು, ಅದೇ ದಪ್ಪದ ವೈಟಾನ್ (ಶಾಖಕ್ಕೂ ಎಣ್ಣೆಗೂ ಜಗ್ಗದ ರಬ್ಬರ್) ಬಿಲ್ಲೆ ಕೂರಿಸಿ, ವಾಲ್ವ್ ಬಾಯಿಯನ್ನು ಬಟ್ಟೆಯಿಂದ ಒರೆಸಿದೆ. ಅಲ್ಲಿ ಎಮರಿ ಕಾಗದ ಮುಟ್ಟಿಸಬೇಡಿ. ಒಂದು ಗೀರು ಬಿದ್ದರೆ ಹೊಸ ಬಿಲ್ಲೆಯೂ ಸೋರುತ್ತದೆ. ವಾಲ್ವ್ ಕೂರುವ ತಳಕ್ಕೆ ಹೊಸ ಸೀಸದ ವಾಷರ್ ಹಾಕಿ ಬಿಗಿದೆ.

ಪಂಪಿನ ಚರ್ಮಕ್ಕೆ ನಮ್ಮಲ್ಲಿ ಕೊಬ್ಬರಿ ಎಣ್ಣೆ ಸವರುವುದು ರೂಢಿ. ಅದು ಸುಮಾರು 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ, ಬೆಟ್ಟದ ಮುಂಜಾವಿನಲ್ಲಿ ಪಂಪು ಗಾಳಿ ಹಿಡಿಯದಿರಲು ಅಷ್ಟು ಸಾಕು. ನಾನು ಹೊಲಿಗೆ ಯಂತ್ರದ ಎಣ್ಣೆಯಲ್ಲಿ ರಾತ್ರಿಯಿಡೀ ನೆನೆಸಿ, ಬೆರಳಿನಿಂದ ಅಂಚನ್ನು ಹೊರಕ್ಕೆ ಅರಳಿಸುತ್ತೇನೆ.

ಬರ್ನರ್ ಕೂರುವ ಜಾಗದಲ್ಲಿ ಹಳೆಯ ಸೀಸದ ವಾಷರನ್ನು ಮತ್ತೆ ಬಳಸಬಾರದು. ಒಮ್ಮೆ ಒತ್ತಿ ಚಪ್ಪಟೆಯಾದ ಸೀಸ ಎರಡನೆಯ ಸಲ ನಂಬಿಕೆಗೆ ತಕ್ಕದ್ದಲ್ಲ, ಮೇಲಾಗಿ ಇಲ್ಲಿ ಸೋರುವುದು ಜ್ವಾಲೆಯ ಪಕ್ಕದಲ್ಲೇ. ಟ್ಯಾಂಕಿನ ಕುತ್ತಿಗೆಯನ್ನು ಒಂದು ಸ್ಪ್ಯಾನರ್‌ನಿಂದ ಹಿಡಿದು ಇನ್ನೊಂದರಿಂದ ಬರ್ನರ್ ತಿರುಗಿಸಿದರೆ ಬೆಸುಗೆಯ ಮೇಲೆ ತಿರುಚು ಬೀಳುವುದಿಲ್ಲ. ಸೀಸ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯಿರಿ.

ಟ್ಯಾಂಕಿನ ತಗಡೇ ಬಿರುಕು ಬಿಟ್ಟಿದ್ದರೆ ನಾನು ಅಂಟು ಮೆತ್ತುವುದಿಲ್ಲ. ಅದು ಕಪಾಟಿಗೆ ಹೋಗುತ್ತದೆ. ಹಾಗೆಯೇ ಸೀಮೆಎಣ್ಣೆ ಸಿಗಲಿಲ್ಲವೆಂದು ಇದಕ್ಕೆ ಪೆಟ್ರೋಲ್ ಹಾಕುವುದು ಅಪಘಾತವನ್ನು ಕರೆದಂತೆ. ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿಯಲ್ಲೂ ಪೆಟ್ರೋಲಿನ ಆವಿ ಹೊತ್ತಿಕೊಳ್ಳುತ್ತದೆ.

ಮರುಜೋಡಣೆ ಮುಗಿದು ಒಣಗಿದ ಮೇಲೆ ಮೊದಲ ಉರಿ ಬಯಲಿನಲ್ಲೇ, ಪಕ್ಕದಲ್ಲಿ ಒಂದು ಬುಟ್ಟಿ ಮರಳಿಟ್ಟುಕೊಂಡು. ಗಾಳಿ ಬಿಡುವ ತಿರುಪು ತೆರೆದಿಟ್ಟು, ಬರ್ನರ್ ಕಾಯಿಸಲು ಅದರ ಕೆಳಗಿನ ಬಟ್ಟಲಿಗೆ ಹಾಕಿದ ಸ್ಪಿರಿಟ್ ಉರಿದು ಮುಗಿಯುವ ಹೊತ್ತಿಗೆ ಆ ತಿರುಪನ್ನು ಮುಚ್ಚಿ ಪಂಪ್ ಹೊಡೆದೆ. ನೀಲಿ ಜ್ವಾಲೆ ಭೋರೆಂದು ಎದ್ದಿತು. ಏನಾದರೂ ಎಡವಟ್ಟಾದರೆ ಆ ತಿರುಪು ಸಡಿಲಿಸಿದರೆ ಸಾಕು, ಒತ್ತಡ ಇಳಿದು ಉರಿ ಕುಗ್ಗುತ್ತದೆ. ಹಾಗಾಗಿ ಅದು ಸದಾ ಕೈಗೆ ಸಿಗುವ ಕಡೆಗೆ ತಿರುಗಿರಬೇಕು. ಅರ್ಧ ಗಂಟೆ ಉರಿಸಿ, ಆರಿಸಿ, ತಣಿದ ಮೇಲೆ ಪ್ರತಿ ಜೋಡಣೆಗೂ ಹಳೆಯ ಪತ್ರಿಕೆಯ ತುಂಡು ಒತ್ತಿ ನೋಡಿದೆ. ಎಲ್ಲೂ ಎಣ್ಣೆಯ ಕಲೆ ಮೂಡಲಿಲ್ಲ. ಈಗ ಡಬ್ಬಿಯಲ್ಲಿ ಸ್ಟೌ ಪಿನ್ನಿನ ಜೊತೆ ಒಂದು ಸೀಸದ ವಾಷರ್, ಎರಡು ವೈಟಾನ್ ಬಿಲ್ಲೆಗಳು ಇರುತ್ತವೆ.